ಮಾತಿಗೆಷ್ಟು ಕಾಸು?

ಟೆಲಿಫೋನಿಗೆ ಗ್ರಹಾಂ ಬೆಲ್ ಇದ್ದಾನೆ, ರೇಡಿಯೋಗೆ ಮಾರ್ಕೋನಿ ಇದ್ದಾನೆ, ಜೊತೆಗೆ ನಮ್ಮ ಜಗದೀಶಚಂದ್ರ ಬೋಸರಿದ್ದಾರೆ. ಮಿಸ್ಡ್ ಕಾಲನ್ನು ಕಂಡುಹಿಡಿದವರು ಯಾರು? ಯಾವ ಸಾಮಾನ್ಯಜ್ಞಾನದ ಪುಸ್ತಕದಲ್ಲೂ ಉತ್ತರ ಸಿಗುವುದಿಲ್ಲ. ಯಾವ ಇಂಜಿನಿಯರೂ ಅದರ ನಕ್ಷೆ ಬರೆಯಲಿಲ್ಲ, ಯಾವ ಮಂತ್ರಿಯೂ ಅದನ್ನು ಉದ್ಘಾಟಿಸಲಿಲ್ಲ. ಆದರೂ ಇಪ್ಪತ್ತು ವರ್ಷದ ಹಿಂದೆ ಮೊಬೈಲ್ ಇದ್ದ ಮನೆಗಳಲ್ಲೆಲ್ಲ ಅದರ ಕಟ್ಟುಪಾಡು ಬಾಯಿಪಾಠವಾಗಿತ್ತು. ಹಬ್ಬ ಮುಗಿಸಿ ಹಾಸ್ಟೆಲಿಗೆ ಹೊರಟ ಮಗಳು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಒಂದು ರಿಂಗು, ಅಂದರೆ ಊರು ತಲುಪಿದೆ. ಎರಡು ರಿಂಗಾದರೆ ರೂಮು ಸೇರಿದೆ. ಬಿಟ್ಟೂ ಬಿಡದೆ ಬಂದರೆ ಅಪ್ಪ ಕೂಡಲೇ ತಿರುಗಿ ಮಾಡಬೇಕು. ಬಹುಶಃ ದುಡ್ಡು ಮುಗಿದಿದೆ. ಆಟೋದವನು ಗೇಟಿನ ಹತ್ತಿರ ಬಂದು ಒಂದು ರಿಂಗು ಕೊಟ್ಟರೆ ಒಳಗಿದ್ದವರು ಚಪ್ಪಲಿ ಹುಡುಕಲು ಶುರುಮಾಡುತ್ತಿದ್ದರು. ಒಂದಕ್ಷರ ಆಡದೆ, ಒಂದು ಪೈಸೆ ಬಿಚ್ಚದೆ ಊರಿಗೆ ಊರೇ ಮಾತಾಡಿಕೊಳ್ಳುತ್ತಿತ್ತು.

ಈ ಏರ್ಪಾಟಿನಲ್ಲಿ ಒಂದೇ ಅಪಾಯ. ಆ ಕಡೆಯವರು ಫೋನ್ ಎತ್ತಿಬಿಡುವುದು.

“ಯಾಕೆ ಎತ್ತಿದ್ಯೋ ಮಾರಾಯ? ನಾನು ಕೊಟ್ಟಿದ್ದು ಮಿಸ್ಡ್ ಕಾಲು!”

“ನಂಗೇನು ಗೊತ್ತು, ಫೋನು ಕೈಯಲ್ಲೇ ಇತ್ತು.”

“ಸರಿ ಇಡು, ಇಡು. ಕಾಸು ಹೋಗ್ತಾ ಇದೆ.”

ಫೋನ್ ಬಂದ ತಕ್ಷಣ ಎತ್ತುವುದು ಸಭ್ಯತೆ ಎಂದು ಮಕ್ಕಳಿಗೆ ಕಲಿಸಿದ ದೇಶದಲ್ಲೇ ಹತ್ತು ವರ್ಷ ಕಾಲ ಫೋನ್ ಎತ್ತುವುದು ಅಪರಾಧವಾಗಿತ್ತು. ಅಂತಸ್ತಿನ ಲೆಕ್ಕವೂ ಇತ್ತು. ಮಗ ಅಪ್ಪನಿಗೆ ಮಿಸ್ಡ್ ಕಾಲ್ ಕೊಡಬಹುದು, ಅಪ್ಪ ಮಗನಿಗೆ ಕೊಟ್ಟರೆ ಮರ್ಯಾದೆಗೆ ಕಡಿಮೆ. ಗಾರೆ ಕೆಲಸದವನು ಮೇಸ್ತ್ರಿಗೆ ಕೊಡುತ್ತಾನೆ, ಮೇಸ್ತ್ರಿ ಕಂಟ್ರಾಕ್ಟರಿಗೆ ಕೊಡುತ್ತಾನೆ, ಕಂಟ್ರಾಕ್ಟರು ಮಾತ್ರ ಯಾರಿಗೂ ಕೊಡುವ ಹಾಗಿಲ್ಲ. ಬೀಗರಿಗೆ ಮಿಸ್ಡ್ ಕಾಲ್ ಕೊಟ್ಟವರ ಮನೆತನದ ಬಗ್ಗೆ ಮುಂದಿನ ಮದುವೆಯ ಊಟದ ಪಂಕ್ತಿಯಲ್ಲಿ ಚರ್ಚೆ ಖಂಡಿತ. ಪ್ರೀತಿಸುವವರದು ಬೇರೆಯೇ ಲೆಕ್ಕ. ಅವರ ರಿಂಗಿಗೆ ಯಾವ ಅರ್ಥವೂ ಇರಬೇಕಾಗಿರಲಿಲ್ಲ, ಬಂದರೆ ಸಾಕು.

ಇದರ ಹಿಂದೆ ಇದ್ದದ್ದು ಜಿಪುಣತನವಲ್ಲ, ದರಪಟ್ಟಿ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ಫೋನ್ ಮಾಡಿದರು. ಅದು ಭಾರತದ ಮೊದಲ ಮೊಬೈಲ್ ಕರೆ. ಆಗ ನಿಮಿಷಕ್ಕೆ 16 ರೂಪಾಯಿಯಷ್ಟು ದರ. ಅದರ ಮೇಲೆ, ಕರೆ ಬಂದವರೂ ದುಡ್ಡು ಕೊಡಬೇಕು. ಬೇರೆಯವರು ಮಾತಾಡಿಸಿದ್ದಕ್ಕೆ ತಾನು ತೆರಬೇಕಾದ ದಂಡ! ಮೊಬೈಲ್ ಇಟ್ಟುಕೊಂಡವರು ಪರದೆಯಲ್ಲಿ ನಂಬರು ನೋಡಿ, ಕರೆ ಕತ್ತರಿಸಿ, ಹತ್ತಿರದ ಲ್ಯಾಂಡ್‌ಲೈನಿಗೆ ಓಡುತ್ತಿದ್ದ ಕಾಲ ಅದು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು, ಮಾಡಿದವರಷ್ಟೇ ಹಣ ಕೊಡಬೇಕೆಂಬ ಪದ್ಧತಿ ಬಂತು. ಎತ್ತದ ಕರೆಗಂತೂ ಯಾರೂ ಕೊಡಬೇಕಾಗಿರಲಿಲ್ಲ. ದರಪಟ್ಟಿ ಬರೆದವರು ಕಾಣದೆ ಬಿಟ್ಟಿದ್ದ ಈ ಕಿಂಡಿಯನ್ನು ಜನ ಕಂಡುಕೊಂಡರು.

ಕಿಂಡಿಯ ಹತ್ತಿರ ಜನ ಸೇರಿದರೆ ಜಾಹೀರಾತಿನವರು ಬಾರದೆ ಇರುತ್ತಾರೆಯೇ? 2010ರಲ್ಲಿ ಬೆಂಗಳೂರಿನಲ್ಲಿ ಜಿಪ್‌ಡಯಲ್ ಎಂಬ ಕಂಪನಿ ಶುರುವಾಯಿತು. ಅದರ ಬಂಡವಾಳವೆಲ್ಲ ಮಿಸ್ಡ್ ಕಾಲೇ. ಜಾಹೀರಾತಿನಲ್ಲಿ ಒಂದು ನಂಬರು ಕೊಡುವುದು, ಜನ ಅದಕ್ಕೆ ರಿಂಗು ಕೊಟ್ಟು ಕತ್ತರಿಸುವುದು, ಆಮೇಲೆ ಅವರ ಮೊಬೈಲಿಗೆ ಕ್ರಿಕೆಟ್ ಸ್ಕೋರೋ ಕೂಪನ್ನೋ ಬರುವುದು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವ್ಯಾಲೆರಿ ವ್ಯಾಗನರ್ ಅಮೆರಿಕದವರು. ಮಿಸ್ಡ್ ಕಾಲ್ ಗೊತ್ತಿಲ್ಲದ ದೇಶದಿಂದ ಬಂದವರಿಗೂ ಇದು ವ್ಯಾಪಾರವಾಗಿ ಕಂಡಿತು. 2015ರ ಜನವರಿಯಲ್ಲಿ ಟ್ವಿಟರ್ ಈ ಕಂಪನಿಯನ್ನೇ ಕೊಂಡುಕೊಂಡಿತು.

ಇನ್ನೂ ಸೊಗಸಾದದ್ದು ಬಿಹಾರದ ಕಥೆ. ಅಲ್ಲಿನ ಬಹಳಷ್ಟು ಹಳ್ಳಿಗಳಲ್ಲಿ ಆಗ ಕರೆಂಟು ಬರುವುದೇ ಅಪರೂಪ, ಟೀವಿ ನೋಡುವುದು ಹೇಗೆ? ಟೀವಿ ಇಲ್ಲದಿದ್ದರೆ ಸೋಪಿನ ಜಾಹೀರಾತು ತೋರಿಸುವುದು ಯಾರಿಗೆ? ಮೊಬೈಲ್ ಮಾತ್ರ ಎಲ್ಲರ ಕೈಯಲ್ಲೂ ಇತ್ತು. ಹಿಂದೂಸ್ತಾನ್ ಯೂನಿಲಿವರ್ ಕಂಪನಿ ‘ಕಾನ್ ಖಜೂರಾ ಟೇಸನ್’ ಎಂಬ ಸೇವೆ ಹೊರಡಿಸಿತು. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಅತ್ತಲಿಂದ ಕರೆ ಬರುತ್ತದೆ; ಸಿನಿಮಾ ಹಾಡು, ನಗೆಹನಿ, ನಡುನಡುವೆ ಸೋಪು-ಶಾಂಪೂಗಳ ಗುಣಗಾನ. ಜಾಹೀರಾತು ಬಂತೆಂದರೆ ಚಾನೆಲ್ ಬದಲಿಸುವುದು ಲೋಕರೂಢಿ. ಇಲ್ಲಿ ಜನ ತಾವಾಗಿಯೇ ರಿಂಗು ಕೊಟ್ಟು, ಜಾಹೀರಾತು ಬರಲೆಂದು ಫೋನು ಹಿಡಿದು ಕಾದರು. 2014ರಲ್ಲಿ ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ ಅದಕ್ಕೆ ಚಿನ್ನದ ಸಿಂಹಗಳು ಬಂದವು. ಆಕಾಶವಾಣಿ ಎಷ್ಟೋ ದಶಕಗಳಿಂದ ಮಾಡುತ್ತಿದ್ದ ಕೆಲಸವನ್ನೇ ಫೋನಿನಲ್ಲಿ ಮಾಡಿದ್ದಕ್ಕೆ ಸಿಂಹ ಬಂತಲ್ಲ ಎಂದು ರೇಡಿಯೋದವರು ಮೀಸೆಯಡಿಯಲ್ಲಿ ನಕ್ಕಿದ್ದರೆ ತಪ್ಪಲ್ಲ.

ಮಿಸ್ಡ್ ಕಾಲಿಗೆ ಸಾರ್ವಜನಿಕ ಮರ್ಯಾದೆಯೂ ಬಂತು. 2011ರಲ್ಲಿ ಅಣ್ಣಾ ಹಜಾರೆ ಚಳವಳಿಗೆ ಬೆಂಬಲ ಸೂಚಿಸಿದ್ದು ಮಿಸ್ಡ್ ಕಾಲಿನಿಂದ. 2014ರ ಕೊನೆಯಲ್ಲಿ ಬಿಜೆಪಿ ಸದಸ್ಯತ್ವ ನೋಂದಾಯಿಸಿದ್ದು ಮಿಸ್ಡ್ ಕಾಲಿನಿಂದ. 2021ರ ಜನವರಿ 1ರಿಂದ ಇಂಡೇನ್ ಸಿಲಿಂಡರ್ ಬುಕ್ ಮಾಡುವುದೂ ಹಾಗೆಯೇ. ಕ್ರಾಂತಿ, ರಾಜಕೀಯ, ಅಡುಗೆ ಮೂರೂ ಎತ್ತದ ಫೋನಿನ ಮೇಲೆ ನಡೆದವು.

ಮಾತಿನ ರೂಪವನ್ನು ತಿದ್ದುವವರು ವ್ಯಾಕರಣದ ಮೇಷ್ಟರು ಎಂಬ ನಂಬಿಕೆ ಇದೆ. ನಿಜಕ್ಕೂ ತಿದ್ದುವುದು ದರ. ತಂತಿಯ ಕಾಲವನ್ನೇ ನೋಡಿ. ಪದಕ್ಕಿಷ್ಟು ಎಂದು ಲೆಕ್ಕ ಹಾಕುತ್ತಿದ್ದುದರಿಂದ ಅದರಲ್ಲಿ ಕ್ಷೇಮಸಮಾಚಾರಕ್ಕೆ ಜಾಗವಿರಲಿಲ್ಲ. “ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯಟ್ಲಿ.” ನಾಲ್ಕೇ ಪದ. ಮಗ ಗಾಬರಿಯಿಂದ ಬೊಂಬಾಯಿ ಬಿಟ್ಟು ಬಂದು ನೋಡಿದರೆ ಅಪ್ಪ ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿರುತ್ತಾರೆ. ಒಳಗೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಕೇಸರಿಭಾತು ತಯಾರು. ತಂತಿ ಎಂದರೆ ಸಾವು ಎಂಬ ಭಯ ಎಷ್ಟು ಬೇರುಬಿಟ್ಟಿತ್ತೆಂದರೆ, ಅಂಚೆಯವನು ತಂತಿ ತಂದರೆ ಒಡೆಯುವ ಮೊದಲೇ ಅಳು ಶುರು. ಮೊಮ್ಮಗ ಹುಟ್ಟಿದ ಸುದ್ದಿ ಎಂದು ಗೊತ್ತಾಗುವ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಜಮಾಯಿಸಿ ಆಗಿರುತ್ತಿತ್ತು. ಮದುವೆ, ದೀಪಾವಳಿ, ಪರೀಕ್ಷೆ ಪಾಸು ಇವಕ್ಕೆಲ್ಲ ಇಲಾಖೆಯೇ ಸಿದ್ಧ ಶುಭಾಶಯಗಳನ್ನು ಬರೆದು ನಂಬರು ಕೊಟ್ಟಿತ್ತು. ಕಳಿಸುವವರು ನಂಬರು ಹೇಳಿದರೆ ಮುಗಿಯಿತು, ಹಾರೈಕೆಯ ಇಡೀ ವಾಕ್ಯ ಮದುವೆಮನೆ ಮುಟ್ಟುತ್ತಿತ್ತು. ಈಗಿನ ವಾಟ್ಸಾಪಿನ ಹೂಗುಚ್ಛದ ಚಿತ್ರ ನೋಡಿ ‘ಜನಕ್ಕೆ ಸ್ವಂತ ಮಾತೇ ಇಲ್ಲವಾಯಿತು’ ಎಂದು ಮರುಗುವ ಹಿರಿಯರು ತಮ್ಮ ಮದುವೆಗೆ ಬಂದ ತಂತಿಗಳನ್ನು ಒಮ್ಮೆ ತೆಗೆದು ಓದಬೇಕು.

2011ರಲ್ಲಿ ತಂತಿಯ ದರ ಏರಿಸಿ 50 ಪದಕ್ಕೆ 27 ರೂಪಾಯಿ ಮಾಡಿದರು. ಅಷ್ಟು ಹೊತ್ತಿಗೆ ತಂತಿ ಕಳಿಸುವವರೇ ಇರಲಿಲ್ಲ. 2013ರ ಜುಲೈ 14 ಕೊನೆಯ ದಿನ ಎಂದು ಬಿಎಸ್‌ಎನ್‌ಎಲ್ ಸಾರಿದಾಗ ಮಾತ್ರ ತಂತಿ ಕಚೇರಿಗಳ ಮುಂದೆ ಸಾಲು ಬೆಳೆಯಿತು. ಬದುಕಿನಲ್ಲಿ ಒಂದೂ ತಂತಿ ಕಂಡಿರದ ಹುಡುಗರು ಬಂದು ತಮಗೆ ತಾವೇ ತಂತಿ ಕಳಿಸಿಕೊಂಡರು.

ಟ್ರಂಕ್ ಕಾಲಿನ ಲೆಕ್ಕ ಮೂರು ಮೂರು ನಿಮಿಷಕ್ಕೆ. ಬೆಳಗ್ಗೆ ಬುಕ್ ಮಾಡಿ ಕಾದರೆ ಸಂಜೆಗೆ ಸಿಕ್ಕರೆ ಪುಣ್ಯ. ಅವಸರವಿದ್ದರೆ ಅರ್ಜೆಂಟ್, ಪ್ರಾಣ ಹೋಗುವಂತಿದ್ದರೆ ಲೈಟ್ನಿಂಗ್. ಲೈಟ್ನಿಂಗ್ ಕಾಲಿಗೆ ಸಾಮಾನ್ಯ ದರದ ಎಂಟು ಪಟ್ಟು. ಲೈನು ಸಿಕ್ಕ ಮೇಲೆ ಮೊದಲ ನಿಮಿಷವೆಲ್ಲ “ಹಲೋ, ಕೇಳಿಸ್ತಿದೆಯಾ?” ಎಂಬುದಕ್ಕೇ ಖರ್ಚು. ಎರಡನೆಯ ನಿಮಿಷದಲ್ಲಿ ವಿಷಯ, ಮೂರನೆಯ ನಿಮಿಷದಲ್ಲಿ ಆಪರೇಟರು ನಡುವೆ ಬಾಯಿ ಹಾಕಿ ಹೊತ್ತು ಮುಗಿಯಿತು ಎನ್ನುತ್ತಿದ್ದರು. ಆ ತಲೆಮಾರಿನವರು ಇವತ್ತಿಗೂ ಮೊಬೈಲಿನಲ್ಲಿ ಕಿರುಚುವುದಕ್ಕೆ ಕಿವಿ ಮಂದವಾಗಿರುವುದೊಂದೇ ಕಾರಣವಲ್ಲ. ದೂರ ಹೆಚ್ಚಿದಷ್ಟೂ ಗಂಟಲು ಏರಿಸಬೇಕು ಎಂದು ಅವರಿಗೆ ಅನುಭವವೇ ಕಲಿಸಿತ್ತು. ಅಮೆರಿಕದ ಮಗನ ಜೊತೆ ಮಾತಾಡುವಾಗ ಪಕ್ಕದ ಬೀದಿಗೂ ಸುದ್ದಿ ತಲುಪುವುದು ಅದಕ್ಕೇ.

ಮನೆಯಲ್ಲಿ ಫೋನಿಲ್ಲದವರ ವಿಸಿಟಿಂಗ್ ಕಾರ್ಡಿನಲ್ಲೂ ಫೋನ್ ನಂಬರು ಇರುತ್ತಿತ್ತು, ಪಕ್ಕದಲ್ಲಿ ಚಿಕ್ಕದಾಗಿ ‘ಪಿ.ಪಿ.’ ಎಂದು ಅಚ್ಚಾಗಿ. ಎಂದರೆ ಅದು ಎದುರುಮನೆಯವರ ಫೋನು. ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ಪಿ.ಪಿ. ನಂಬರು! ಆ ಮನೆಯ ಹುಡುಗ ದಿನಕ್ಕೆ ಹತ್ತು ಸಲ ಬೇಲಿ ಹಾರಿ “ಆಂಟಿ, ನಿಮಗೆ ಫೋನು” ಎಂದು ಕೂಗಬೇಕು. ಬಂದವರು ಮಾತಾಡುವಾಗ ಫೋನಿನ ಯಜಮಾನರು ಪತ್ರಿಕೆ ಓದುವವರಂತೆ ಕೂತಿರುತ್ತಾರೆ. ಎಷ್ಟೋ ಹೊತ್ತು ಪುಟವೇ ತಿರುಗುವುದಿಲ್ಲ.

ಈ ಗೋಳು ಮುಗಿಸಿದ ಕಥೆಯಲ್ಲಿ ಕರ್ನಾಟಕಕ್ಕೆ ಒಳ್ಳೆಯ ಪಾತ್ರವಿದೆ. ಕಪ್ಪು ಬಣ್ಣದ, ಬೆರಳು ತೂರಿಸಿ ತಿರುಗಿಸುವ ಫೋನುಗಳನ್ನು ದೇಶಕ್ಕೆಲ್ಲ ಕೊಟ್ಟದ್ದು 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಕಾರ್ಖಾನೆ. 1984ರಲ್ಲಿ ಸ್ಯಾಮ್ ಪಿಟ್ರೋಡ ಮುಂದಾಳತ್ವದಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿ, ಹಳ್ಳಿಗಳಿಗೆಂದೇ 128 ಲೈನುಗಳ ಪುಟ್ಟ ಎಕ್ಸ್‌ಚೇಂಜು ತಯಾರಿಸಿತು. ಹವಾನಿಯಂತ್ರಣ ಬೇಡ, ಸೆಕೆಗೂ ಧೂಳಿಗೂ ಜಗ್ಗುವುದಿಲ್ಲ. ಅದರ ಮೊದಲ ಯಂತ್ರ ಕೂತದ್ದು 1986ರಲ್ಲಿ ಚೆನ್ನಮ್ಮನ ಕಿತ್ತೂರಿನಲ್ಲಿ. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಮೂಲೆಮೂಲೆಗೂ ಬಂದವು. ರಾತ್ರಿ ಹೊತ್ತಾದ ಮೇಲೆ ಕಾಲು ದರ ಎಂಬ ನಿಯಮವಿದ್ದುದರಿಂದ ಇಡೀ ಊರು ಮಲಗಿದ ಮೇಲೆ ಬೂತಿನ ಮುಂದೆ ಜಾತ್ರೆ. ಗಾಜಿನ ಪೆಟ್ಟಿಗೆಯೊಳಗೆ ನಿಂತವರ ಕಣ್ಣು ಮಾತಿನ ಮೇಲಿರುತ್ತಿರಲಿಲ್ಲ, ಗೋಡೆಯ ಮೀಟರಿನ ಕೆಂಪು ಅಂಕಿಗಳ ಮೇಲಿರುತ್ತಿತ್ತು. ಅಮ್ಮ ಅಳುತ್ತಿದ್ದರೂ ಮೀಟರು ಅಳುವುದಿಲ್ಲ. ಹೊರಗೆ ಸಾಲಿನಲ್ಲಿ ನಿಂತವರಿಗೆ ಎಲ್ಲರ ಮನೆಯ ಸಮಾಚಾರವೂ ಗೊತ್ತು; ಯಾರೂ ಅದನ್ನು ಖಾಸಗಿತನದ ಪ್ರಶ್ನೆ ಎನ್ನಲಿಲ್ಲ.

ಮಾತಾಡುವವರೇ ದುಡ್ಡು ಕೊಡಬೇಕೆ, ಅಥವಾ ಬೇರೆ ಯಾರಾದರೂ ಕೊಟ್ಟಾರೆ? ಜಾಹೀರಾತಿನವರು ತಾವು ಕೊಡುತ್ತೇವೆ ಎಂದು ಬಂದದ್ದು ಫೇಸ್‌ಬುಕ್ಕಿನ ಕಾಲದಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ಅದು ಅದಕ್ಕೂ ಹಿಂದಿನ ಕಥೆ. 2002ರಲ್ಲಿ ಅಂಚೆ ಇಲಾಖೆ ‘ಮೇಘದೂತ’ ಎಂಬ ಕಾರ್ಡು ತಂದಿತು. ಸಾಮಾನ್ಯ ಪೋಸ್ಟ್ ಕಾರ್ಡಿಗೆ 50 ಪೈಸೆ, ಇದಕ್ಕೆ 25. ವಿಳಾಸದ ಪಕ್ಕದ ಜಾಗವನ್ನು ಜಾಹೀರಾತಿಗೆ ಮಾರಿದ್ದರಿಂದ ಈ ರಿಯಾಯಿತಿ. ಕಾಳಿದಾಸನ ಯಕ್ಷ ತನ್ನ ವಿರಹವನ್ನು ಮೋಡದ ಕೈಲಿ ಕಳಿಸಿದ. ಇಲಾಖೆ ಅದೇ ಹೆಸರಿನಲ್ಲಿ ವಿರಹದ ಪಕ್ಕ ಜಾಹೀರಾತನ್ನೂ ಕಳಿಸಿತು. ಓಲೆ ಬರೆಯುವವರಿಗೆ ಅರ್ಧ ಕಾಸು ಉಳಿಯಿತು, ಓದುವವರಿಗೆ ಒಂದು ಸಾಲು ಹೆಚ್ಚಾಯಿತು. ಫೇಸ್‌ಬುಕ್ಕಿನ ಲೆಕ್ಕಾಚಾರವೆಲ್ಲ ಆ 25 ಪೈಸೆಯ ಕಾರ್ಡಿನಲ್ಲಿ ಅಡಗಿದೆ ಎಂದರೆ ಅಂಚೆಯವರು ಸಂಕೋಚಪಡುತ್ತಾರೇನೋ.

ರೇಡಿಯೋದಲ್ಲಿ ಇದು ಇನ್ನೂ ಹಳೆಯದು. ಎಂಬತ್ತರ ದಶಕದ ನಡುವಿನವರೆಗೂ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಬೇಕಿತ್ತು, ಕೇಳುವವರೇ ಹಣ ಕಟ್ಟುತ್ತಿದ್ದರು. ಐವತ್ತರ ದಶಕದಲ್ಲಿ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಒಗ್ಗಲಿಲ್ಲ. ಆಕಾಶವಾಣಿಯಿಂದ ಅದನ್ನು ದೂರವಿಟ್ಟರು. ಜನ ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಅಲ್ಲಿ 1952ರಿಂದ ಒಂದು ಟೂತ್‌ಪೇಸ್ಟಿನ ಹೆಸರಿನಲ್ಲಿ ಅಮೀನ್ ಸಯಾನಿ ವಾರವಾರವೂ ಹಾಡು ಹಂಚುತ್ತಿದ್ದರು. ಬಿನಾಕಾದಿಂದ ಹಲ್ಲುಜ್ಜದವರಿಗೂ ಬಿನಾಕಾ ಗೀತಮಾಲಾ ಬೇಕಿತ್ತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು, 1967ರ ನವೆಂಬರ್ 1ರಿಂದ ಅದರಲ್ಲಿ ಜಾಹೀರಾತೂ ಬಂತು. ಸೆಕೆಂಡಿನ ಲೆಕ್ಕದಲ್ಲಿ ಹೊತ್ತು ಮಾರಾಟವಾಗತೊಡಗಿದ ಮೇಲೆ ವಸ್ತುಗಳಿಗೆ ಹಾಡಲು ಬಂತು. ವಾಷಿಂಗ್ ಪೌಡರು, ಸೋಪು, ತಲೆನೋವಿನ ಮಾತ್ರೆ ಎಲ್ಲವೂ ರಾಗವಾಗಿ ಕರೆದವು. ಆ ತಲೆಮಾರಿನ ಎಷ್ಟೋ ಜನ ಶಾಲೆಯಲ್ಲಿ ಕಲಿತ ಪದ್ಯ ಮರೆತಿದ್ದಾರೆ, ಸೋಪಿನ ಹಾಡು ಮರೆತಿಲ್ಲ.

ಮೊಬೈಲ್ ಕಂಪನಿಗಳ ಜಾಹೀರಾತಿನಲ್ಲಿ ಒಂದು ತಮಾಷೆ ಇದೆ. ಇವರು ಮಾರುವುದು ಮಾತು. ಆದರೆ ಮಾರಲು ಕರೆತಂದದ್ದು ಮಾತೇ ಬಾರದವರನ್ನು. 2003ರಲ್ಲಿ ಹಚ್ ಕಂಪನಿ ಒಬ್ಬ ಹುಡುಗನ ಹಿಂದೆ ಒಂದು ಸೊಟ್ಟ ಮೂತಿಯ ಪಗ್ ನಾಯಿಯನ್ನು ಬಿಟ್ಟಿತು. ಅವನು ಎಲ್ಲಿಗೆ ಹೋದರೂ ಅದು ಹಿಂದೆ. ನೆಟ್‌ವರ್ಕ್ ಹೀಗೆ ಹಿಂಬಾಲಿಸುತ್ತದೆ ಎಂಬುದು ಇಂಗಿತ. ನೆಟ್‌ವರ್ಕ್ ಸಿಗದವರೂ ನಾಯಿ ಕೊಂಡರು. ಪಗ್ ಮರಿಗಳ ಬೆಲೆ ಏರಿತು. ಹಚ್ ಹೋಗಿ ವೊಡಾಫೋನ್ ಬಂದ ಮೇಲೆ, 2009ರ ಐಪಿಎಲ್ ಹೊತ್ತಿಗೆ ಮೊಟ್ಟೆತಲೆಯ ಬಿಳಿಯ ಜೂಜೂಗಳು ಬಂದವು. ಅವೂ ಮಾತಾಡುವುದಿಲ್ಲ, ಏನೋ ಗೊಣಗುತ್ತವೆ, ನಗುತ್ತವೆ. ಇದು ಕಂಪ್ಯೂಟರಿನಲ್ಲಿ ಬರೆದ ಕಾರ್ಟೂನು ಎಂದೇ ದೇಶ ನಂಬಿತ್ತು. ಒಳಗಿದ್ದವರು ಮನುಷ್ಯರು, ಬಿಳಿ ಬಟ್ಟೆಯೊಳಗೆ ತೂರಿಕೊಂಡು, ರಬ್ಬರಿನ ಮುಖ ಹಾಕಿಕೊಂಡು ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಕುಣಿದ ನಟನಟಿಯರು. ನಾಯಿಯನ್ನೂ ಜೂಜೂಗಳನ್ನೂ ಚಿತ್ರೀಕರಿಸಿದ್ದು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್, ನಿರ್ದೇಶಕ ಪ್ರಕಾಶ್ ವರ್ಮ. ಮಾತಿಲ್ಲದ್ದರಿಂದ ಡಬ್ಬಿಂಗ್ ಖರ್ಚೂ ಇಲ್ಲ, ಕನ್ನಡಕ್ಕೂ ಅದೇ, ಕಾಶ್ಮೀರಕ್ಕೂ ಅದೇ.

ಎಸ್‌ಎಂಎಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದರ ಆಯಸ್ಸೇ ಕಡಿಮೆ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನ ನೀಲ್ ಪ್ಯಾಪ್‌ವರ್ತ್ ಕಂಪ್ಯೂಟರಿನಿಂದ ಕಳಿಸಿದ ಕ್ರಿಸ್‌ಮಸ್ ಶುಭಾಶಯವೇ ಮೊದಲನೆಯದು. 160 ಅಕ್ಷರದ ಮಿತಿ ಗೊತ್ತುಮಾಡಿದ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್, ಜನ ಪೋಸ್ಟ್ ಕಾರ್ಡಿನಲ್ಲಿ ಬರೆಯುವುದೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದ. ಆ ಮಿತಿಯೊಳಗೆ ಕನ್ನಡಿಗರು ಇಂಗ್ಲಿಷ್ ಅಕ್ಷರದಲ್ಲಿ “ಊಟ ಆಯ್ತಾ” ಎಂದು ಒತ್ತಿ ಒತ್ತಿ ಬರೆದರು. ಯುಗಾದಿ, ದೀಪಾವಳಿ, ಹೊಸ ವರ್ಷದಂದು ಕಂಪನಿಗಳು ರಿಯಾಯಿತಿ ರದ್ದುಮಾಡಿ ಪೂರ್ತಿ ದರ ಕೀಳುತ್ತಿದ್ದವು. ಹಾಗಾಗಿ ಜಾಣರು ಹಬ್ಬದ ಶುಭಾಶಯವನ್ನು ಹಿಂದಿನ ದಿನವೇ ಕಳಿಸಿಬಿಡುತ್ತಿದ್ದರು. ಬೆಲ್ಲಕ್ಕಿಂತ ಬೇವಿಗಿಂತ ಮೊದಲು ಬರುತ್ತಿದ್ದದ್ದು ಎಸ್‌ಎಂಎಸ್.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು ಕರೆಗೆ ದುಡ್ಡೇ ಬೇಡ ಎಂದಿತು. ಇಷ್ಟು ವರ್ಷ ಕಾಸಿನ ಭಯಕ್ಕೆ ಅದುಮಿಟ್ಟ ಮಾತೆಲ್ಲ ಉಕ್ಕಿ ಹರಿಯಬೇಕಿತ್ತು. ಆದದ್ದು ತಿರುಗುಮುರುಗು. ಮಾತು ಉಚಿತವಾಗುತ್ತಲೇ ಫೋನ್ ಮಾಡುವುದು ದೌರ್ಜನ್ಯವಾಯಿತು. ಈಗಿನ ಹುಡುಗರಿಗೆ ಫೋನ್ ಮಾಡುವ ಮೊದಲು “ಕಾಲ್ ಮಾಡ್ಬಹುದಾ?” ಎಂದು ಬರೆದು ಕೇಳಬೇಕು. ನೇರವಾಗಿ ಮಾಡಿದರೆ ಅವರು ಎತ್ತುವುದಿಲ್ಲ, ರಿಂಗು ನಿಲ್ಲುವವರೆಗೂ ಪರದೆಯನ್ನೇ ನೋಡುತ್ತಿದ್ದು, ನಿಂತ ಮೇಲೆ “ಏನು ವಿಷಯ?” ಎಂದು ಬರೆಯುತ್ತಾರೆ. ಅವರ ಅಜ್ಜಿಗೆ ಬರೆಯುವ ತಾಪತ್ರಯ ಬೇಡ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅದು ಅವರ ಹಳೆಯ ಇನ್‌ಲ್ಯಾಂಡ್ ಲೆಟರಿನ ಹಾಗೆಯೇ, “ನಾವೆಲ್ಲರೂ ಕ್ಷೇಮ” ಎಂದು ಶುರುವಾಗಿ, ನಡುವೆ ಕುಕ್ಕರಿನ ಸೀಟಿ ಬಂದು, ಕೊನೆಯಲ್ಲಿ ಫೋನನ್ನು ಆರಿಸುವುದು ಹೇಗೆಂದು ಮೊಮ್ಮಗಳನ್ನು ಕೇಳುವಲ್ಲಿಗೆ ಮುಗಿಯುತ್ತದೆ.

ಖರ್ಚು ಎಲ್ಲೂ ಹೋಗಿರಲಿಲ್ಲ, ಮಾತಾಡುವವರ ಜೇಬಿನಿಂದ ಕೇಳುವವರ ತಲೆಗೆ ವರ್ಗವಾಗಿತ್ತು. ಬೆಳಗ್ಗೆ ಆರಕ್ಕೆ ಸೂರ್ಯೋದಯ, ಗುಲಾಬಿ, ಮಗು, ದೇವರು. 2018ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಇದನ್ನೇ ದೊಡ್ಡ ಸುದ್ದಿ ಮಾಡಿತು. ಭಾರತದಲ್ಲಿ ಫೋನುಗಳು ಯಾಕೆ ಪದೇಪದೇ ನಿಂತುಹೋಗುತ್ತವೆ ಎಂದು ಗೂಗಲಿನವರು ಹುಡುಕಿದಾಗ ಸಿಕ್ಕ ಕಾರಣ ಗುಡ್ ಮಾರ್ನಿಂಗ್ ಚಿತ್ರಗಳು. ಅವನ್ನೆಲ್ಲ ಒಟ್ಟಿಗೆ ಗುಡಿಸಿ ಹಾಕುವ ಸೌಕರ್ಯವನ್ನು ತಮ್ಮ ಫೈಲ್ಸ್ ಗೋ ಆ್ಯಪಿಗೆ ಸೇರಿಸಿದರು. ಜಗತ್ತಿನ ಅತಿ ಬುದ್ಧಿವಂತ ಇಂಜಿನಿಯರುಗಳು ನಮ್ಮ ಮಾವಂದಿರ ಶುಭೋದಯವನ್ನು ಗುರುತಿಸಲು ಯಂತ್ರಕ್ಕೆ ಪಾಠ ಹೇಳಿದ್ದು ಹೀಗೆ.

ಕರೆ ಮಾಡಿದವರ ಕಿವಿಯೂ ಬಿಟ್ಟಿಯಾಗಿ ಸಿಕ್ಕಿತು. 2020ರ ಮಾರ್ಚಿನಲ್ಲಿ ಫೋನ್ ಮಾಡಿದವರಿಗೆಲ್ಲ ರಿಂಗಿನ ಬದಲು ಕೆಮ್ಮು ಕೇಳಿಸಿತು. ಕೊರೋನಾ ಎಚ್ಚರಿಕೆ ಶುರುವಾಗುತ್ತಿದ್ದದ್ದೇ ಹಾಗೆ. ಆ ಕಡೆಯವರಿಗೇ ಬಂದುಬಿಟ್ಟಿದೆ ಎಂದು ಗಾಬರಿಯಾದವರಿದ್ದರು. ಆಮೇಲೆ ಅಮಿತಾಭ್ ಬಚ್ಚನ್ ಬಂದರು. ಅವರ ಧ್ವನಿ ಎಷ್ಟೇ ಗಂಭೀರವಾಗಿದ್ದರೂ ಆಂಬುಲೆನ್ಸಿಗೆ ಫೋನ್ ಮಾಡಿದವರಿಗೆ ಆ ಅರ್ಧ ನಿಮಿಷ ಅರ್ಧ ದಿನ. 2021ರ ಜನವರಿಯಲ್ಲಿ ಲಸಿಕೆಯ ಸಂದೇಶ ಬೇರೆ ಧ್ವನಿಯಲ್ಲಿ ಬಂತು. ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟು, ಲಸಿಕೆಯೇ ಸಿಗದಿರುವಾಗ ಹಾಕಿಸಿಕೊಳ್ಳಿ ಎಂದು ಎಷ್ಟು ದಿನ ಜನರನ್ನು ಕಾಡುತ್ತೀರಿ ಎಂದು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಕೊರೋನಾ ಹೋದ ಮೇಲೆ ಸೈಬರ್ ವಂಚಕರ ಎಚ್ಚರಿಕೆ ಬಂತು, ಅದೂ ಬಚ್ಚನ್ ಧ್ವನಿಯಲ್ಲೇ. ಎಚ್ಚರಿಕೆ ಬೇಡವೆಂದಲ್ಲ. ಅವಸರದಲ್ಲಿರುವವರನ್ನು ಹಿಡಿದು ನಿಲ್ಲಿಸಿ ಬುದ್ಧಿ ಹೇಳಿದರೆ ಬುದ್ಧಿ ಹಿಡಿಯುವುದು ಕಷ್ಟ.

ಇನ್ನು ಕೇಳದೆ ಸಾಲ ಕೊಡಲು ಬರುವ ಕರೆಗಳು. 2007ರಲ್ಲೇ ಕರೆ ಬೇಡವೆನ್ನುವವರ ರಾಷ್ಟ್ರೀಯ ಪಟ್ಟಿ ತಯಾರಾಯಿತು, ಆಮೇಲೆ ಮಾರಾಟದ ಕರೆಗಳಿಗೆ 140ರ ಸರಣಿ ಬಂತು. 140 ಕಂಡರೆ ಯಾರೂ ಎತ್ತುವುದಿಲ್ಲ ಎಂದು ಗೊತ್ತಾಗಿ ಮಾರುವವರು ಮಾಮೂಲಿ ಹತ್ತಂಕಿಯ ನಂಬರಿನಿಂದ ಬರುತ್ತಾರೆ. ಅದಕ್ಕೆ ಜನ ಸ್ವೀಡನ್ನಿನ ಟ್ರೂಕಾಲರ್ ಹಾಕಿಕೊಂಡರು. ಭಾರತವೇ ಅದರ ಅತಿ ದೊಡ್ಡ ಮಾರುಕಟ್ಟೆ. ಅದರ ವಿಶೇಷವೆಂದರೆ, ನಾಲ್ಕು ಜನ ತಮ್ಮ ಫೋನಿನಲ್ಲಿ ಯಾರಿಗೆ ಏನು ಹೆಸರಿಟ್ಟಿದ್ದಾರೋ ಅದೇ ಊರಿಗೆಲ್ಲ ಕಾಣುತ್ತದೆ. ಮದುವೆಯ ಮಾತುಕತೆಗೆಂದು ಗಂಭೀರವಾಗಿ ಫೋನ್ ಮಾಡಿದ ಗಂಡಿನ ತಂದೆ, ಹೆಣ್ಣಿನವರ ಪರದೆಯಲ್ಲಿ ‘ಬಡ್ಡಿ ಮಂಜಣ್ಣ’ ಎಂದೋ ‘ಎತ್ತಬೇಡ’ ಎಂದೋ ಮೂಡಬಹುದು.

2018ರ ಜುಲೈನಲ್ಲಿ ಓದುಗರು ಬೆಳಗಿನ ಪತ್ರಿಕೆ ಬಿಡಿಸಿದರೆ ಪುಟದ ತುಂಬ ವಾಟ್ಸಾಪಿನ ಜಾಹೀರಾತು. ಮಕ್ಕಳ ಕಳ್ಳರ ಗಾಳಿಸುದ್ದಿಯಿಂದ ದೇಶದ ಹಲವೆಡೆ ಅಮಾಯಕರು ಗುಂಪಿನ ಕೈಗೆ ಸಿಕ್ಕಿ ಸತ್ತಿದ್ದರು. ನಮ್ಮ ಬೀದರ್ ಜಿಲ್ಲೆಯಲ್ಲೂ ಅದೇ ತಿಂಗಳು ಅಂಥದೊಂದು ಸಾವಾಯಿತು. ಬಂದದ್ದನ್ನೆಲ್ಲ ನಂಬಬೇಡಿ, ಪರಿಶೀಲಿಸದೆ ಮುಂದಕ್ಕೆ ಕಳಿಸಬೇಡಿ ಎಂದು ಕಂಪನಿ ಮನವಿ ಮಾಡಿತು. ಫಾರ್ವರ್ಡ್‌ಗೆ ಐದರ ಮಿತಿ ಹಾಕಿತು. ಆಗಸ್ಟ್ ಕೊನೆಯಿಂದ ಆಕಾಶವಾಣಿಗೂ ಬಂತು: ಮೊದಲು ಹಿಂದಿ ಕೇಂದ್ರಗಳು, ಸೆಪ್ಟೆಂಬರಿನಲ್ಲಿ ಕನ್ನಡವೂ ಸೇರಿ ಇತರ ಭಾಷೆಗಳು. ಕೋಟ್ಯಂತರ ಜನರ ಅಂಗೈಯಲ್ಲೇ ಕೂತಿದ್ದ ಕಂಪನಿಗೆ ತನ್ನ ಮಾತನ್ನು ಜನ ನಂಬಬೇಕೆನ್ನಿಸಿದಾಗ ನೆನಪಾದದ್ದು ಹಳೆಯ ಪತ್ರಿಕೆ, ಹಳೆಯ ರೇಡಿಯೋ. ಅವೆರಡಕ್ಕೂ ದುಡ್ಡು ಕೊಟ್ಟೇ ಮಾತಾಡಬೇಕು.

ಮನುಷ್ಯರ ಮಾತು ಬಿಟ್ಟಿಯಾದ ಈ ಕಾಲದಲ್ಲಿ ಬಾಡಿಗೆ ಕಟ್ಟಿ ಕೇಳಬೇಕಾದ ಮಾತು ಅಂಗಡಿಯ ಗಲ್ಲಾದ ಮೇಲಿದೆ. ಸ್ಕ್ಯಾನ್ ಮಾಡಿ ಹಣ ಹಾಕಿದರೆ ಒದರುವ ಡಬ್ಬಿ ಅದು. 2016ರಲ್ಲಿ ಯುಪಿಐ ಬಂದ ಮೇಲೆ, ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಎಳನೀರು ಕುಡಿದು ಹೋಗುವ ಜಾಣರೂ ಹುಟ್ಟಿದರು. ಅವರಿಗೆ ಮದ್ದಾಗಿ ಬಂದದ್ದು ಈ ಡಬ್ಬಿ. ವ್ಯಾಪಾರಿ ಅದಕ್ಕೆ ತಿಂಗಳ ಬಾಡಿಗೆ ಕಟ್ಟುತ್ತಾನೆ. ಬೇಕಾದರೆ ಕಿಚ್ಚ ಸುದೀಪ್ ಧ್ವನಿಯಲ್ಲೇ ಹತ್ತು ರೂಪಾಯಿ ಬಂತೆಂದು ಕೇಳಬಹುದು. ಐದು ರೂಪಾಯಿಯ ಕೊತ್ತಂಬರಿ ಕಟ್ಟಿಗೂ ಸಿನಿಮಾ ನಟನ ಘೋಷಣೆ!

2025ರ ಜುಲೈನಲ್ಲಿ ಬೆಂಗಳೂರಿನ ಈ ಡಬ್ಬಿಗಳಲ್ಲಿ ಎಷ್ಟೋ ಬಾಯಿ ಮುಚ್ಚಿದವು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಆಗಬೇಕೆಂಬುದು ನಿಯಮ. ಬೇಕರಿ, ತರಕಾರಿ, ಬೀಡಾ ಅಂಗಡಿಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಚೀಟಿಗಳು ಅಂಟಿಕೊಂಡವು. ಬಂದ್ ಮಾಡುತ್ತೇವೆಂದು ವ್ಯಾಪಾರಿಗಳು ಹೊರಟರು, ಮುಖ್ಯಮಂತ್ರಿ ಕರೆದು ಮಾತಾಡಿದರು. ಅಷ್ಟರೊಳಗೆ, ಪರ್ಸನ್ನೇ ಮರೆತಿದ್ದ ಗಿರಾಕಿಗಳು ಎಟಿಎಂ ಹುಡುಕಿಕೊಂಡು ಹೋಗಿ ಐನೂರರ ನೋಟು ಹಿಡಿದು ಬಂದರು.

“ಅಣ್ಣಾ, ಎರಡು ಟೀ.”

“ಮೂವತ್ತು ಕೊಡಿ ಸಾರ್. ಐನೂರಕ್ಕೆ ಚಿಲ್ಲರೆ ಇಲ್ಲ.”

“ಮತ್ತೆ ಏನ್ ಮಾಡೋದು?”

“ನನ್ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ, ಚಿಲ್ಲರೆ ಆದ್ಮೇಲೆ ನಾನೇ ಮಾಡ್ತೀನಿ.”